ನಿಧಿಶೋಧನೆಯ ಚಲಚ್ಚಿತ್ರಗಳೂ ಕಾರಾಪುರದ ಸಾಬುವೂ

ಬೆಂಗಳೂರಿನ ದಕ್ಷಿಣದಂಚಿನಲ್ಲಿರುವ ಅಂಜನಾಪುರದ ಹೆಸರನ್ನು ಕೇಳಿದೊಡನೆ ಪುರಾಣವನ್ನು ಬಲ್ಲವರಿಗೆ ಹನುಮಂತನ ತಾಯಿಯಾದ ಅಂಜನಾದೇವಿ ನೆನಪಾಗುವಳು. ಮಂತ್ರವಾದಿಗಳ ಕಥೆಗಳನ್ನು ಕೇಳುತ್ತ ಬೆಳೆದವರಿಗೆ ಬೇರೊಂದು ಅಂಜನವೂ ನೆನಪಾದೀತು. ಅಂಗೈಗೋ ವೀಳೆಯದೆಲೆಗೋ ಬಳಿದು ದಿಟ್ಟಿಸಿದರೆ ನೆಲದೊಳಗಣ ಹೊನ್ನಿನ ಕೊಪ್ಪರಿಗೆ ಕಾಣುವುದೆಂದು ಜನರು ನಂಬಿದ್ದ ಕಪ್ಪು ಅದು. ಕೊಪ್ಪರಿಗೆಗೆ ಸರ್ಪದ ಕಾವಲು, ಸರ್ಪಕ್ಕೆ ಬಲಿ, ಲೋಭಿಗೆ ಮರಣ, ಇವು ಕನ್ನಡನಾಡಿನ ಅಜ್ಜಿಯರಿಗೆ ಬಾಯಿಪಾಠವಾಗಿದ್ದ ಸಂಗತಿಗಳು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಸಾಮಗ್ರಿಯು ಬೆಳ್ಳಿತೆರೆಯನ್ನೇರಿ ಲೋಕವೆಲ್ಲವನ್ನೂ ರಂಜಿಸಿತು. ಹಾಳುಬಿದ್ದ ದೇಗುಲ, ಹರಿದ ನಕ್ಷೆ, ಶಾಪಗ್ರಸ್ತವಾದ ರತ್ನ, ದುರ್ಗಮವಾದ ಕಾಡು, ಇವಿಲ್ಲದ ಸಾಹಸಚಿತ್ರ ಅಪರೂಪವಾಯಿತು.

ರಂಜನೆಯ ವಿಷಯದಲ್ಲಿ ವಿವಾದವಿಲ್ಲ. ಆದರೆ ಇಂಥ ಚಿತ್ರಗಳನ್ನು ಇತಿಹಾಸದ ದೃಷ್ಟಿಯಿಂದ ನೋಡುವವನಿಗೆ ಕೆಲವು ಪ್ರಶ್ನೆಗಳು ಏಳದೆ ಇರಲಾರವು. ನಿಧಿಯನ್ನು ಹುಡುಕುವವನು ಯಾವ ದೇಶದವನು? ಕಾಯುವವನು ಯಾರು? ಹೊರೆಯನ್ನು ಹೊರುವವನು ಯಾರು? ಇವರಲ್ಲಿ ಹೆಸರೂ ಮಾತೂ ಉಳ್ಳವರು ಎಷ್ಟು ಮಂದಿ? ಭಾರತೀಯನ ಪಾತ್ರವನ್ನು ಧರಿಸಿದವನು ಭಾರತೀಯನೇ ಆಗಿದ್ದನೆ? ಈ ಪ್ರಶ್ನೆಗಳ ವಿಚಾರವನ್ನು ಹಾಲಿವುಡ್ಡಿನಿಂದ ಆರಂಭಿಸಬೇಕಾಗಿಲ್ಲ. ಮೈಸೂರು ಸೀಮೆಯ ಕಾರಾಪುರದಿಂದಲೇ ಆರಂಭಿಸಬಹುದು.

೧

ಮೊದಲು ಪ್ರಾಚೀನರ ಅಭಿಪ್ರಾಯವೇನೆಂಬುದನ್ನು ನೋಡಬೇಕು. ನಿಧಿಯೆಂಬುದು ಕಂಡವನ ಸ್ವತ್ತೆಂದು ಅವರು ಎಣಿಸಿರಲಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ನಿರ್ಣಯವಿದೆ. ನಿಧಿಯನ್ನು ಕಂಡು ಅರಸನಿಗೆ ಅರುಹಿದವನಿಗೆ ಆರನೆಯ ಒಂದು ಭಾಗ. ಅರುಹಿದವನು ಕೂಲಿಯ ಆಳಾಗಿದ್ದರೆ ಹನ್ನೆರಡನೆಯ ಒಂದು ಭಾಗ. ಒಂದು ಲಕ್ಷಕ್ಕೆ ಮೀರಿದ ನಿಧಿಯು ಅರಸನಿಗೆ ಸೇರತಕ್ಕದ್ದು. ಕನ್ನಡನಾಡಿನ ದಾನಶಾಸನಗಳಲ್ಲಿ ಭೂಮಿಯೊಡನೆ ಕೊಡುವ ಅಷ್ಟಭೋಗಗಳನ್ನು ಎಣಿಸುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಆರಂಭಿಸುವುದು ಶಾಸನಗಳನ್ನು ಓದಿದವರಿಗೆಲ್ಲ ತಿಳಿದ ವಿಷಯ. ನೆಲದೊಳಗಿನ ಹೊನ್ನಿಗೂ ಒಡೆತನವುಂಟು, ಅದಕ್ಕೊಂದು ಧರ್ಮವುಂಟು ಎಂಬುದೇ ಇದರ ತಾತ್ಪರ್ಯ. ೧೮೭೮ರ ಬ್ರಿಟಿಷ್ ಭಾರತದ ನಿಧಿ ಕಾಯಿದೆಯೂ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಂಡವನು ಅಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು.

ಪ್ರಾಚೀನರ ಧರ್ಮವು ಸರ್ವಸಮವಾಗಿತ್ತೆಂದು ಹೇಳುವುದು ಮಾತ್ರ ಸತ್ಯಕ್ಕೆ ದೂರ. ವಿದ್ವಾಂಸನಾದ ಬ್ರಾಹ್ಮಣನಿಗೆ ಸಿಕ್ಕಿದ ನಿಧಿಯೆಲ್ಲವೂ ಅವನದೇ ಎಂದು ಮನುಸ್ಮೃತಿ ಹೇಳುವುದು. ಕೂಲಿಯಾಳಿಗೆ ಅರ್ಥಶಾಸ್ತ್ರವು ಅರ್ಧಪಾಲನ್ನು ಕತ್ತರಿಸಿದುದನ್ನು ಈಗತಾನೆ ಕಂಡಾಯಿತು. ಪಂಚತಂತ್ರದಲ್ಲಿ ಸಿದ್ಧವರ್ತಿಗಳನ್ನು ಹಿಡಿದು ನಿಧಿಗಾಗಿ ಹೊರಟ ನಾಲ್ವರೂ ಬ್ರಾಹ್ಮಣರೇ. ತಾಮ್ರವನ್ನು ಕಂಡವನು ತಾಮ್ರವನ್ನೂ ಬೆಳ್ಳಿಯನ್ನು ಕಂಡವನು ಬೆಳ್ಳಿಯನ್ನೂ ಚಿನ್ನವನ್ನು ಕಂಡವನು ಚಿನ್ನವನ್ನೂ ತೆಗೆದುಕೊಂಡು ಹಿಂದಿರುಗಿದರು; ಅಷ್ಟಕ್ಕೆ ತೃಪ್ತನಾಗದೆ ಮುಂದೆ ನಡೆದವನ ತಲೆಯ ಮೇಲೆ ಚಕ್ರವು ತಿರುಗಿತು. ಬೌದ್ಧರ ವೇದಬ್ಬ ಜಾತಕದಲ್ಲಿ ಸಿಕ್ಕಿದ ಐಶ್ವರ್ಯಕ್ಕಾಗಿ ಕಳ್ಳರು ಒಬ್ಬರನ್ನೊಬ್ಬರು ಕೊಂದು ಎಲ್ಲರೂ ಅಳಿದರು. ಈ ಕಥೆಗಳ ದೋಷವೇನೇ ಇರಲಿ, ಒಂದು ಗುಣವನ್ನು ಒಪ್ಪಬೇಕು: ಹುಡುಕುವವನೂ ಇಲ್ಲಿಯವನು, ಕೆಡುವವನೂ ಇಲ್ಲಿಯವನು, ಬುದ್ಧಿಯನ್ನು ಹೇಳುವವನೂ ಇಲ್ಲಿಯವನು. ಲೋಭವು ಒಂದು ಜನಾಂಗದ ಲಕ್ಷಣವೆಂದು ಅವು ಹೇಳಲಿಲ್ಲ.

೨

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಕಾದಂಬರಿಯಲ್ಲಿ ಈ ವ್ಯವಸ್ಥೆ ಬದಲಾಯಿತು. ಬದಲಾದುದು ಎಲ್ಲಿಂದ ಎಂಬುದು ಕನ್ನಡಿಗರಿಗೆ ವಿಶೇಷವಾಗಿ ಸ್ಮರಣೀಯವಾದುದು. ವಿಲ್ಕಿ ಕಾಲಿನ್ಸನು ೧೮೬೮ರಲ್ಲಿ ಪ್ರಕಟಿಸಿದ ‘ಮೂನ್‌ಸ್ಟೋನ್’ ಎಂಬ ಕಾದಂಬರಿಯು ೧೭೯೯ರ ಶ್ರೀರಂಗಪಟ್ಟಣದ ಲಗ್ಗೆಯಿಂದಲೇ ಆರಂಭವಾಗುವುದು. ಆ ಗದ್ದಲದಲ್ಲಿ ಆಂಗ್ಲ ಸೇನಾಧಿಕಾರಿಯೊಬ್ಬನು ಕೊಲೆಮಾಡಿ ಕದ್ದ ದೇವರ ವಜ್ರವನ್ನು ಮೂವರು ಬ್ರಾಹ್ಮಣರು ವೇಷ ಮರೆಸಿಕೊಂಡು ಇಂಗ್ಲೆಂಡಿನವರೆಗೂ ಹಿಂಬಾಲಿಸಿ ಕಡೆಗೆ ಮರಳಿ ತರುವರು. ವಜ್ರವು ಕಲ್ಪಿತವಾದುದು, ಲೂಟಿಯು ಕಲ್ಪಿತವಲ್ಲ. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆಯೂ ರತ್ನಖಚಿತವಾದ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದುವು. ಕಾಲಿನ್ಸನ ಬ್ರಾಹ್ಮಣರು ಭಯಂಕರರಾಗಿ ತೋರಿದರೂ ನ್ಯಾಯವು ಅವರ ಕಡೆಗಿದೆಯೆಂಬುದನ್ನು ಕಾದಂಬರಿಯು ಮರೆಯುವುದಿಲ್ಲ.

ಆತನ ತರುವಾಯ ಬಂದವರಲ್ಲಿ ಈ ಸಂಕೋಚವು ಕಡಿಮೆಯಾಯಿತು. ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ೧೮೮೩ರಲ್ಲಿಯೂ ರೈಡರ್ ಹ್ಯಾಗರ್ಡನ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ೧೮೮೫ರಲ್ಲಿಯೂ ಹೊರಬಂದುವು. ದೂರದೇಶದ ನಿಧಿಯು ಧೈರ್ಯಶಾಲಿಯಾದ ಬಿಳಿಯನಿಗಾಗಿಯೇ ಕಾದುಕೊಂಡಿರುವುದೆಂಬ ಭಾವನೆ ಹ್ಯಾಗರ್ಡನ ಕೃತಿಯಿಂದ ಬೇರೂರಿತು. ಚಲಚ್ಚಿತ್ರವು ಹುಟ್ಟಿದಾಗ ಅದಕ್ಕೆ ಕಥೆಗಳು ಬೇಕಾಗಿದ್ದುವು; ಸಿದ್ಧವಾಗಿದ್ದುವು ಇವೇ. ೧೯೩೨ರ ‘ಟಾರ್ಜನ್ ದಿ ಏಪ್ ಮ್ಯಾನ್’ ಚಿತ್ರದಲ್ಲಿ ಆನೆದಂತದ ರಾಶಿಯನ್ನು ಹುಡುಕುತ್ತ ಹೋಗುವ ತಂಡದ ಹೊರೆಯಾಳೊಬ್ಬನು ಕಡಿದಾದ ಬಂಡೆಯಿಂದ ಜಾರಿ ಬೀಳುವನು. ಅವನಿಗೆ ಹೆಸರಿಲ್ಲ. ದೊರೆಗಳ ವಿಚಾರಣೆಯು ಅವನ ಹೊರೆಯಲ್ಲಿ ಏನಿತ್ತು ಎಂಬುದರ ಕಡೆಗೆ ತಿರುಗುವುದು. ಕೌಟಿಲ್ಯನು ಆಳಿಗೆ ಹನ್ನೆರಡರಲ್ಲಿ ಒಂದು ಪಾಲನ್ನಾದರೂ ಕೊಟ್ಟಿದ್ದನು.

೩

ಇಂಥ ಚಿತ್ರರಂಗಕ್ಕೆ ಮೈಸೂರಿನಿಂದ ಒಬ್ಬ ಬಾಲಕನು ಹೋದನು. ಅವನ ಹೆಸರು ಸಾಬು. ೧೯೨೪ರ ಜನವರಿ ೨೭ರಂದು ಕಾರಾಪುರದಲ್ಲಿ ಮೈಸೂರು ಮಹಾರಾಜರ ಮಾವುತನೊಬ್ಬನ ಮಗನಾಗಿ ಹುಟ್ಟಿದನು. ತಾಯಿ ಎಳವೆಯಲ್ಲಿಯೇ ಹೋದಳು. ತಂದೆಯೂ ಬಹುಕಾಲ ಉಳಿಯಲಿಲ್ಲ. ಆನೆಲಾಯವೇ ಹುಡುಗನಿಗೆ ಮನೆಯಾಯಿತು. ಅವನು ಹುಟ್ಟಿದ ವರ್ಷವೇ ಅಮೆರಿಕದಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸನು ‘ಥೀಫ್ ಆಫ್ ಬಾಗ್ದಾದ್’ ಎಂಬ ಮೂಕಚಿತ್ರದಲ್ಲಿ ಬಾಗ್ದಾದಿನ ಕಳ್ಳನಾಗಿ ನಟಿಸಿದ್ದನು. ಹದಿನಾರು ವರ್ಷಗಳಾದ ಮೇಲೆ ಅದೇ ಹೆಸರಿನ ವಾಕ್ಚಿತ್ರದಲ್ಲಿ ಕಳ್ಳನ ಪಾತ್ರವು ಕಾರಾಪುರದ ಹುಡುಗನದಾಯಿತು.

ಅದಾದ ಬಗೆ ಹೀಗೆ. ಕಿಪ್ಲಿಂಗನ ‘ಟೂಮಾಯಿ ಆಫ್ ದಿ ಎಲಿಫೆಂಟ್ಸ್’ ಕಥೆಯನ್ನು ಚಿತ್ರಿಸುವುದಕ್ಕಾಗಿ ರಾಬರ್ಟ್ ಫ್ಲಾಹರ್ಟಿಯು ೧೯೩೫ರಲ್ಲಿ ಮೈಸೂರಿಗೆ ಬಂದನು. ನಿರ್ಮಾಪಕನು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ. ಕಥೆ ನಡೆಯುವುದು ಅಸ್ಸಾಮಿನ ಗಾರೋ ಬೆಟ್ಟಗಳಲ್ಲಿ; ಚಿತ್ರಿತವಾದುದು ಮೈಸೂರಿನ ಕಾಡುಗಳಲ್ಲಿ. ಈ ಬದಲಾವಣೆಗೆ ಒಂದು ಔಚಿತ್ಯವೂ ಇತ್ತು. ಮೈಸೂರಿನಲ್ಲಿ ೧೮೭೦ರ ದಶಕದಲ್ಲಿ ಖೆಡ್ಡಾ ಪದ್ಧತಿಯಿಂದ ಆನೆಗಳನ್ನು ಹಿಡಿಯಲಾರಂಭಿಸಿದ ಸ್ಯಾಂಡರ್ಸನ್ನನೇ ಕಿಪ್ಲಿಂಗನ ಪೀಟರ್ಸನ್ ಸಾಹೇಬನಿಗೆ ಮಾದರಿಯೆಂದು ವಿಮರ್ಶಕರು ಹೇಳುವರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ನೆರವಿನಿಂದ ಆನೆಗಳೂ ಮಾವುತರೂ ದೊರೆತರು. ಐರಾವತವೆಂಬ ಅರಮನೆಯ ಆನೆ ಕಥೆಯ ಕಾಲಾನಾಗನಾಯಿತು, ಸಾಬುವು ಟೂಮಾಯಿಯಾದನು.

ಚಿತ್ರದ ಉಳಿದ ಭಾಗವನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಸೋಲ್ತಾನ್ ಕೊರ್ಡಾ ಪೂರೈಸಿದನು. ೧೯೩೭ರಲ್ಲಿ ‘ಎಲಿಫೆಂಟ್ ಬಾಯ್’ ಹೊರಬಂದು ವೆನಿಸ್ಸಿನ ಚಿತ್ರೋತ್ಸವದಲ್ಲಿ ನಿರ್ದೇಶನದ ಬಹುಮಾನವನ್ನು ಗಳಿಸಿತು. ಚಿತ್ರದ ಆರಂಭದಲ್ಲಿ ಸಾಬುವು ಏಕಾಂಗಿಯಾಗಿ ನಿಂತು ಪ್ರೇಕ್ಷಕರಿಗೆ ಇಂಗ್ಲಿಷಿನಲ್ಲಿ ಕಥೆಯನ್ನು ಹೇಳುವನು. ಆಡಂಬರವಿಲ್ಲದ ಆ ಮುಖವನ್ನೂ ಆನೆಯ ಮೇಲೆ ಅವನಿಗಿದ್ದ ಸಹಜವಾದ ಸಲಿಗೆಯನ್ನೂ ಕಂಡು ಇಂಗ್ಲೆಂಡು ಅಮೆರಿಕಗಳ ಜನರು ಬೆರಗಾದರು. ಆದರೆ ಟೂಮಾಯಿಯ ತಂದೆಯಾಗಿ ನಟಿಸಿದವನು ಡಬ್ಲ್ಯು. ಇ. ಹಾಲೊವೆ, ಮಾಚುವಾ ಅಪ್ಪನಾದವನು ಅಲನ್ ಜೇಯ್ಸ್, ಮಾವುತ ರಾಮಲಾಲನಾದವನು ಬ್ರೂಸ್ ಗಾರ್ಡನ್. ಆನೆಗಳ ಜಾಡನ್ನು ಹಿಡಿಯುವುದರಲ್ಲಿ ಕಾಕನಕೋಟೆಯ ಸೀಮೆಯ ಕುರುಬರಿಗೆ ಸಮಾನರಾದವರು ವಿರಳ. ಅರಮನೆಯ ಮಾವುತರ ವಿದ್ಯೆಯು ವಂಶಪಾರಂಪರ್ಯವಾದುದು. ಅಂಥವರ ನಡುವೆ ಚಿತ್ರವನ್ನು ತೆಗೆದೂ ಮಾತನಾಡುವ ದೊಡ್ಡ ಪಾತ್ರಗಳಿಗೆ ಬಣ್ಣವನ್ನು ಬಳಿದ ಆಂಗ್ಲನಟರನ್ನು ಕೊರ್ಡಾ ಸಹೋದರರು ಆರಿಸಿದರು. ಮಗನು ಮೈಸೂರಿನವನು, ತಂದೆ ಲಂಡನ್ನಿನವನು! ಮೈಸೂರಿನ ಜನರು ಗುಂಪಿನ ದೃಶ್ಯಗಳಲ್ಲಿ ಉಳಿದರು.

೪

ಇದರ ಮುಂದಿನ ‘ದಿ ಡ್ರಮ್’ ೧೯೩೮ರಲ್ಲಿ ಬಂದಿತು. ವಾಯವ್ಯ ಗಡಿಯ ಜನರನ್ನು ದ್ರೋಹಿಗಳಾಗಿಯೂ ಆಂಗ್ಲರ ಪರವಾಗಿ ನಿಂತ ರಾಜಕುಮಾರನನ್ನು ಆದರ್ಶವಾಗಿಯೂ ತೋರಿಸಿದ ಈ ಚಿತ್ರದ ವಿರುದ್ಧ ಮುಂಬಯಿಯಲ್ಲಿ ಪ್ರತಿಭಟನೆ ನಡೆದು ಅದರ ಪ್ರದರ್ಶನವು ನಿಂತಿತು. ಆ ರಾಜಕುಮಾರನ ಪಾತ್ರ ಸಾಬುವಿನದು. ತೆರೆಯ ಮೇಲಿನ ಚಿತ್ರಣವು ಮನರಂಜನೆಯ ವಿಷಯ ಮಾತ್ರವಲ್ಲ, ಮಾನದ ವಿಷಯವೂ ಹೌದು ಎಂದು ಅಂದಿನ ಪ್ರೇಕ್ಷಕರು ಆಗಲೇ ಅರಿತಿದ್ದರು. ಹದಿನಾಲ್ಕು ವರ್ಷದ ಹುಡುಗನಿಗೆ ಕಥೆಯನ್ನು ಆರಿಸಿಕೊಳ್ಳುವ ಅಧಿಕಾರವಿರಲಿಲ್ಲವೆಂಬುದೂ ಅಷ್ಟೇ ನಿಜ.

೧೯೪೦ರ ‘ಥೀಫ್ ಆಫ್ ಬಾಗ್ದಾದ್’ ಚಿತ್ರವು ಸಾಬುವಿನ ಕೀರ್ತಿಯ ಶಿಖರ. ಯುದ್ಧದ ಕಾರಣದಿಂದ ಇಂಗ್ಲೆಂಡಿನಲ್ಲಿ ಆರಂಭವಾದ ಚಿತ್ರಣವು ಅಮೆರಿಕದಲ್ಲಿ ಮುಗಿಯಿತು. ಮೂರು ಆಸ್ಕರ್ ಬಹುಮಾನಗಳು ದೊರೆತುವು. ಇಲ್ಲಿ ದೇಗುಲದ ಕಾವಲುಗಳನ್ನು ದಾಟಿ ಸರ್ವವನ್ನೂ ಕಾಣಿಸುವ ರತ್ನವನ್ನು ತರುವವನು ಸಾಬುವೇ. ಅಂಜನವನ್ನು ಬಲ್ಲ ಕನ್ನಡಿಗರಿಗೆ ಆ ರತ್ನವು ಹೊಸದಾಗಿ ಕಾಣಲಾರದು. ಅವನಿಗೆದುರಾಗಿ ಸೀಸೆಯ ಭೂತವಾಗಿ ನಿಂತವನು ಅಮೆರಿಕದ ಕರಿಯ ನಟ ರೆಕ್ಸ್ ಇನ್‌ಗ್ರಮ್. ಕಪ್ಪುಮೈಯ ಇಬ್ಬರು ನಟರು ಬೇರೆ ಯಾರ ನೆರಳೂ ಇಲ್ಲದೆ ಬುದ್ಧಿಯಿಂದ ಬುದ್ಧಿಯನ್ನು ಗೆಲ್ಲುವ ಆ ಭಾಗವು ಆ ಕಾಲದ ಸಾಹಸಚಿತ್ರಗಳಲ್ಲಿ ಅಪೂರ್ವವಾದುದು. ಕಥೆಯ ಕೊನೆಯಲ್ಲಿ ರಾಜ್ಯವೂ ರಾಜಕುಮಾರಿಯೂ ಜಾನ್ ಜಸ್ಟಿನ್ ನಟಿಸಿದ ದೊರೆಗೆ ದೊರೆಯುವುವು. ಸಾಬುವು ಹಾರುವ ರತ್ನಗಂಬಳಿಯನ್ನೇರಿ ಹೊರಟುಹೋಗುವನು.

೧೯೪೨ರ ‘ಜಂಗಲ್ ಬುಕ್’ ಅಕ್ಷರಶಃ ನಿಧಿಯ ಕಥೆ. ಮೌಗ್ಲಿಯ ಬಾಲ್ಯಕ್ಕೆ ಕಿಪ್ಲಿಂಗನ ೧೮೯೫ರ ಎರಡನೆಯ ಸಂಪುಟದಲ್ಲಿರುವ ಅಂಕುಶದ ಕಥೆಯನ್ನು ಬೆಸೆದಿದ್ದಾರೆ. ಆ ಅಂಕುಶದ ಕಥೆಯ ಬೇರು ವೇದಬ್ಬ ಜಾತಕದವರೆಗೆ ಹೋಗುವುದು. ಕಾಡಿನೊಳಗಣ ಹಾಳೂರು, ರಾಶಿಬಿದ್ದ ಹೊನ್ನು, ಕಾವಲಿಗೆ ಮುದಿ ನಾಗ. ಒಂದೇ ಒಂದು ನಾಣ್ಯವು ಊರಿಗೆ ಬಂದುದರಿಂದ ಬುಲ್ದೇವನೆಂಬ ಬೇಟೆಗಾರನೂ ಕ್ಷೌರಿಕನೂ ಪಂಡಿತನೂ ಆಸೆಗೆ ಬಿದ್ದು ಒಬ್ಬರನ್ನೊಬ್ಬರು ನಂಬದೆ ಕೆಡುವರು. ಕಥೆ ಹೀಗೆ ಭಾರತಕ್ಕೆ ಮರಳಿತು, ನಟರು ಮರಳಲಿಲ್ಲ. ಬುಲ್ದೇವನಾದ ಜೋಸೆಫ್ ಕಲೇಯನು ಮಾಲ್ಟಾದವನು. ಪಂಡಿತನಾದ ಫ್ರ್ಯಾಂಕ್ ಪುಗ್ಲಿಯಾ ಸಿಸಿಲಿಯವನು. ಕ್ಷೌರಿಕನಾದ ಜಾನ್ ಕ್ವಾಲೆನನು ನಾರ್ವೆಯ ಮೂಲದವನು. ತಾಯಿಯಾದ ರೋಸ್ಮೆರಿ ಡಿಕ್ಯಾಂಪ್ ಅಮೆರಿಕದವಳು. ಕಾಡು ಕ್ಯಾಲಿಫೋರ್ನಿಯಾದ್ದು. ಇಡೀ ಊರಿನಲ್ಲಿ ಮುಖ್ಯಪಾತ್ರವನ್ನು ಧರಿಸಿದ ಭಾರತೀಯನು ಸಾಬು ಒಬ್ಬನೇ. ಅವನೂ ತೋಳಗಳು ಸಾಕಿದ ಹುಡುಗ!

ಅನಂತರದ ಚಿತ್ರಗಳಲ್ಲಿ ಅವನ ಸ್ಥಾನವು ಇನ್ನೂ ಕುಗ್ಗಿತು. ‘ಅರೇಬಿಯನ್ ನೈಟ್ಸ್’ ೧೯೪೨ರಲ್ಲಿ, ಚಿನ್ನದ ಕೊಳವನ್ನು ಕುರಿತ ‘ವೈಟ್ ಸ್ಯಾವೇಜ್’ ೧೯೪೩ರಲ್ಲಿ, ‘ಕೋಬ್ರಾ ವುಮನ್’ ೧೯೪೪ರಲ್ಲಿ ಬಂದುವು. ಮೂರರಲ್ಲಿಯೂ ನಾಯಕನು ಜಾನ್ ಹಾಲ್. ನಾಯಿಕೆ ಮರಿಯಾ ಮಾಂಟೆಸ್. ಸಾಬುವು ನಾಯಕನ ನಂಬಿಕೆಯ ಗೆಳೆಯ. ಹುಡುಗನಾಗಿದ್ದಾಗ ಕಥೆಯ ನಡುವೆ ನಿಂತವನು ಯುವಕನಾದೊಡನೆ ಬದಿಗೆ ಸರಿದನು. ಕಂದುಬಣ್ಣದ ಬಾಲಕನನ್ನು ಮುದ್ದಿಸಲು ಸಿದ್ಧವಾಗಿದ್ದ ಚಿತ್ರರಂಗಕ್ಕೆ ಅದೇ ಬಣ್ಣದ ಪ್ರಾಯದವನು ನಾಯಕನಾಗಿ ಬೇಕಾಗಿರಲಿಲ್ಲ.

ಇದು ಸಾಬುವೊಬ್ಬನ ಪಾಡಲ್ಲ. ‘ಎಲಿಫೆಂಟ್ ಬಾಯ್’ ಬಂದ ೧೯೩೭ರಲ್ಲಿಯೇ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಚಿತ್ರವಾಯಿತು. ಅದರಲ್ಲಿ ಉಂಬೋಪನಾಗಿ ಹಾಡಿದ ಪಾಲ್ ರಾಬ್ಸನ್ ಜಗತ್ಪ್ರಸಿದ್ಧನಾದ ಗಾಯಕ. ಎರಡು ವರ್ಷಗಳ ಹಿಂದೆ ಕೊರ್ಡಾ ತೆಗೆದ ‘ಸ್ಯಾಂಡರ್ಸ್ ಆಫ್ ದಿ ರಿವರ್’ ಚಿತ್ರವು ತನ್ನ ಜನರ ಮೇಲಣ ದೊರೆತನವನ್ನು ಹೊಗಳುವಂತಾದುದನ್ನು ಕಂಡು ಅವನು ಆ ಚಿತ್ರವನ್ನೇ ತಳ್ಳಿಹಾಕಿದ್ದನು. ವಿದ್ಯಾವಂತನೂ ಪ್ರೌಢನೂ ಆದ ರಾಬ್ಸನ್ನನಿಗೆ ಹಾಗೆ ಹೇಳುವ ಧ್ವನಿಯಿತ್ತು. ಆನೆಲಾಯದ ಅನಾಥನಿಗೆ ಅದು ಎಲ್ಲಿಂದ ಬರಬೇಕು?

ಸಾಬುವು ೧೯೪೪ರಲ್ಲಿ ಅಮೆರಿಕದ ಪೌರನಾಗಿ, ಅದರ ವಾಯುಸೇನೆಯನ್ನು ಸೇರಿ, ಪೆಸಿಫಿಕ್ ಸಾಗರದ ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದ ಫಿರಂಗಿಗಾರನಾಗಿ ಹೋರಾಡಿ ಶೌರ್ಯಪದಕವನ್ನು ಪಡೆದನು. ತೆರೆಯ ಮೇಲೆ ಸಹಾಯಕನಾಗಿದ್ದವನು ನಿಜವಾದ ಸಾಹಸದಲ್ಲಿ ಯಾರಿಗೂ ಹಿಂದೆ ಬೀಳಲಿಲ್ಲ. ಮೆಹಬೂಬ್ ಖಾನರು ‘ಮದರ್ ಇಂಡಿಯಾ’ ಚಿತ್ರಕ್ಕೆ ಅವನನ್ನು ಯೋಚಿಸಿದ್ದರೂ ಅದು ಕೈಗೂಡಲಿಲ್ಲ; ಒಂದೇ ಒಂದು ಭಾರತೀಯ ಚಿತ್ರದಲ್ಲಿಯೂ ನಟಿಸದೆ ೧೯೬೩ರ ಡಿಸೆಂಬರ್ ೨ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಆಗ ವಯಸ್ಸು ಮೂವತ್ತೊಂಬತ್ತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ೧೯೩೪ರಲ್ಲಿಯೇ ತೆರೆಕಂಡಿದ್ದರೂ, ಕನ್ನಡನಾಡಿನಲ್ಲಿ ಹುಟ್ಟಿ ಜಗತ್ತನ್ನು ರಂಜಿಸಿದ ಈ ನಟನಿಗೆ ಕನ್ನಡದ ತೆರೆಯ ಮೇಲೆ ಎಡೆ ದೊರೆಯಲೇ ಇಲ್ಲ.

೫

ಸ್ವಾತಂತ್ರ್ಯದ ತರುವಾಯ ಸ್ಥಿತಿ ಸುಧಾರಿಸಿತೆ? ೧೯೬೯ರ ‘ಮೆಕೆನ್ನಾಸ್ ಗೋಲ್ಡ್’ ಭಾರತದಲ್ಲಿ ಅಪಾರವಾದ ಜನಪ್ರಿಯತೆಯನ್ನು ಗಳಿಸಿದ ಚಿತ್ರ. ಅದರಲ್ಲಿ ಅಪಾಚಿ ಜನರ ಚಿನ್ನಕ್ಕಾಗಿ ಎಲ್ಲರೂ ಹೊಡೆದಾಡುವರು, ಮುಖ್ಯಳಾದ ಅಪಾಚಿ ಯುವತಿಯ ಪಾತ್ರವನ್ನು ಮಾತ್ರ ಜೂಲಿ ನ್ಯೂಮರ್ ಎಂಬ ಬಿಳಿಯ ನಟಿ ಧರಿಸಿದಳು. ಭಾರತದ ಪ್ರೇಕ್ಷಕನು ಚಿನ್ನವನ್ನು ನೋಡಿದನು. ಅಪಾಚಿ ಜನರ ಪಾಡನ್ನು ವಿಚಾರಿಸಲಿಲ್ಲ. ತನ್ನ ಸರದಿ ಬಂದಾಗಲೇ ನೋವು ತಿಳಿಯುವುದು ಲೋಕಸಹಜ. ಆ ಸರದಿಯು ೧೯೮೪ರಲ್ಲಿ ಬಂದಿತು. ಸ್ಟೀವನ್ ಸ್ಪಿಲ್‌ಬರ್ಗನ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ ಚಿತ್ರದ ಕಥೆ ನಡೆಯುವುದು ೧೯೩೫ರ ಭಾರತದಲ್ಲಿ, ಎಂದರೆ ಫ್ಲಾಹರ್ಟಿಯು ಮೈಸೂರಿಗೆ ಬಂದ ವರ್ಷದಲ್ಲಿಯೇ. ಕಥೆಯನ್ನು ತಿದ್ದಬೇಕೆಂದು ಭಾರತ ಸರ್ಕಾರವು ಕೇಳಿದುದರಿಂದ ಚಿತ್ರಣವು ಸಿಂಹಳದ ಕ್ಯಾಂಡಿಗೆ ಹೋಯಿತು. ಭಾರತದ ಹಳ್ಳಿಗರು ಸಿಂಹಳ ಭಾಷೆಯನ್ನಾಡಿದರು. ಅರಮನೆಯ ಔತಣದಲ್ಲಿ ಹಾವನ್ನೂ ಜೀರುಂಡೆಯನ್ನೂ ಕಪಿಯ ಮಿದುಳನ್ನೂ ಬಡಿಸಿದರು. ಕಾಳಿಯ ಪೂಜೆಯೆಂದರೆ ಜೀವಂತ ಮನುಷ್ಯನ ಹೃದಯವನ್ನು ಕೀಳುವುದೆಂಬಂತೆ ತೋರಿಸಿದರು. ಭಾರತದಲ್ಲಿ ಈ ಚಿತ್ರವನ್ನು ಕೆಲವು ಕಾಲ ತಡೆಹಿಡಿಯಲಾಗಿತ್ತು.

ಆದರೂ ವ್ಯತ್ಯಾಸವನ್ನು ಗುರುತಿಸಬೇಕು. ದುಷ್ಟನಾದ ಮೋಲಾರಾಮನ ಪಾತ್ರವನ್ನು ಅಮರೀಶ್ ಪುರಿಯೂ ದಿವಾನನ ಪಾತ್ರವನ್ನು ರೋಷನ್ ಸೇಠರೂ ಧರಿಸಿದರು. ನಟರು ಭಾರತೀಯರಾದರು, ಕಥೆಯನ್ನು ಬರೆದ ಕೈ ಬದಲಾಗಲಿಲ್ಲ. ಇದರಿಂದ ತಿಳಿಯಬೇಕಾದ ನೀತಿಯೊಂದಿದೆ. ಒಂದು ಜನಾಂಗದವನು ವೇಷವನ್ನು ಹಾಕಿದ ಮಾತ್ರಕ್ಕೆ ಆ ಜನಾಂಗಕ್ಕೆ ನ್ಯಾಯವಾಗುವುದಿಲ್ಲ. ಅವನಿಗೆ ಕೊಟ್ಟ ಮಾತು ಯಾವುದೆಂಬುದನ್ನೂ ನೋಡಬೇಕು. ಅದೇ ಚಿತ್ರದಲ್ಲಿ ನಾಯಕನ ಕಿರಿಯ ಸಂಗಾತಿಯಾಗಿದ್ದ ಕೆ ಹುಯಿ ಕ್ವಾನ್ ಎಂಬ ವಿಯೆಟ್ನಾಮಿನ ಬಾಲಕನು ಬೆಳೆದ ಮೇಲೆ ಪಾತ್ರಗಳು ಸಿಗದೆ ಬಹುಕಾಲ ನಟನೆಯನ್ನು ಬಿಟ್ಟಿದ್ದು, ೨೦೨೩ರಲ್ಲಿ ಆಸ್ಕರ್ ಬಹುಮಾನವನ್ನು ಪಡೆದನು. ಸಾಬುವಿನ ದಾರಿಯಲ್ಲಿಯೇ ನಡೆದವನಿಗೆ ಅರವತ್ತು ವರ್ಷಗಳ ತರುವಾಯ ಬಾಗಿಲು ತೆರೆಯಿತು.

ಕನ್ನಡದವರೇ ತೆಗೆದ ನಿಧಿಯ ಚಿತ್ರದಲ್ಲಿ ಈ ದೋಷಗಳು ಇಲ್ಲವೆ? ೨೦೧೯ರ ‘ಅವನೇ ಶ್ರೀಮನ್ನಾರಾಯಣ’ ಚಿತ್ರದಲ್ಲಿ ಕಲ್ಪಿತವಾದ ಅಮರಾವತಿಯೆಂಬ ಊರು, ನಾಟಕದ ತಂಡದವರು ಬಚ್ಚಿಟ್ಟ ಕೊಳ್ಳೆ, ಅದನ್ನು ಹುಡುಕುವ ಪೊಲೀಸ್ ಅಧಿಕಾರಿ, ಎಲ್ಲರೂ ಕನ್ನಡವನ್ನಾಡುವರು. ನಿಧಿಯ ಗುಟ್ಟು ವೃತ್ತಿನಾಟಕದವರ ಕೈಯಲ್ಲಿರುವುದು ಕನ್ನಡದ ಮಣ್ಣಿಗೆ ಒಪ್ಪುವ ಕಲ್ಪನೆ. ಆದರೆ ಡಕಾಯಿತರ ಕುಲಕ್ಕೆ ಆಭೀರರೆಂಬ ಹೆಸರನ್ನು ಇಟ್ಟಿದ್ದಾರೆ. ಆಭೀರರು ಪ್ರಾಚೀನ ಕಾಲದ ಪಶುಪಾಲಕ ಜನ. ಮಹಾಭಾರತದ ಮೌಸಲಪರ್ವದಲ್ಲಿ ಅರ್ಜುನನನ್ನು ಸುಲಿಗೆ ಮಾಡಿದವರು ಅವರೇ. ಅವರ ಕಡೆಯ ಕಥೆಯನ್ನು ಮಹಾಭಾರತವೂ ಹೇಳಲಿಲ್ಲ, ಚಲಚ್ಚಿತ್ರವೂ ಹೇಳಲಿಲ್ಲ. ಹೊರಗಿನವರಲ್ಲಿ ಕಂಡ ತಪ್ಪನ್ನು ಮನೆಯೊಳಗೂ ಕಾಣುವುದು ವಿಚಾರವಂತರ ಲಕ್ಷಣ.

ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು ಆನೆಗಳನ್ನು ಹಿಡಿಯುತ್ತಿದ್ದ ಜಾಗವು ನೀರಿನಲ್ಲಿ ಮುಳುಗಿತು. ಇಂದು ಕಾರಾಪುರಕ್ಕೆ ಹೋಗುವವರು ಹುಲಿಯನ್ನೂ ಆನೆಯನ್ನೂ ನೋಡುವುದಕ್ಕೆ ಹೋಗುವರು. ಅವರಲ್ಲಿ ಎಷ್ಟು ಮಂದಿಗೆ ಆ ಊರಿನ ಮಾವುತನ ಮಗನ ಹೆಸರು ಗೊತ್ತಿರುವುದೋ ಸಂದೇಹ. ‘ಎಲಿಫೆಂಟ್ ಬಾಯ್’ ಚಿತ್ರವು ಉಳಿದಿದೆ. ಈಗಲೂ ಮನೆಯಲ್ಲಿ ಕುಳಿತು ಅದನ್ನು ನೋಡಬಹುದು. ವಿದ್ಯಾವಂತರಾದ ಗೃಹಸ್ಥರು ಮಕ್ಕಳಿಗೆ ಅದನ್ನು ತೋರಿಸುವಾಗ ಸಾಬುವಿನ ಹಿಂದೆ ಮಾತಿಲ್ಲದೆ ನಿಂತಿರುವ ಮೈಸೂರಿನ ಮಾವುತರ ಮುಖಗಳನ್ನೂ ಬೆರಳಿಟ್ಟು ತೋರಿಸುವುದು ಒಳ್ಳೆಯದು. ಆ ಆನೆಗಳನ್ನು ಪಳಗಿಸಿದವರು ಅವರು.